ಕಂಪೌಂಡರರ ತಕ್ಕಡಿ

ಗಜೇಂದ್ರಗಡದ ದವಾಖಾನೆಯ ಕಂಪೌಂಡರು ನನಗೆ ಹೇಳುತ್ತಿದ್ದದ್ದು ಒಂದೇ ಮಾತು: "ತಕ್ಕಡಿ ಮುಟ್ಟಬ್ಯಾಡವ್ವಾ." ಔಷಧಿ ತೂಗುವ ಆ ಪುಟ್ಟ ತಕ್ಕಡಿ ಕಂಡರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ನನಗಾಗ ಏಳು ವರ್ಷ. ಮನೆಯಲ್ಲಿ ಮಗ್ಗದ ಬಳಿ ಕುಣಿದಾಡಿ ನೂಲು ಹರಿಯುತ್ತಿದ್ದೆ. ಅದಕ್ಕೇ ಅವ್ವ ಡಾಕ್ಟರಿಗೆ ಹೇಳಿ, ನನ್ನನ್ನು ತೆಪ್ಪಗೆ ಕೂಡಿಸುವ ಔಷಧಿ ಬರೆಸಿದ್ದಳು.

ಎರಡನೇ ವಾರ ಬಾಟಲಿ ತುಂಬಿಸಲು ಹೋದಾಗ ಅವ್ವ ಹಿಗ್ಗಿನಿಂದ, "ಈಗ ಭಾಳ ಶಾಣ್ಯಾ ಆಗ್ಯಾಳ್ರಿ. ಊಟ ಅಷ್ಟ ಒಲ್ಲೆ ಅಂತಾಳ," ಎಂದಳು.

ಕಂಪೌಂಡರು ಬಾಟಲಿ ಕೆಳಗಿಟ್ಟು, ತಕ್ಕಡಿಯನ್ನು ತಾವೇ ನನ್ನ ಮುಂದೆ ಸರಿಸಿದರು. "ಮುಟ್ಟವ್ವಾ."

ನಾನು ಅದನ್ನು ನೋಡುತ್ತಾ ಕೂತೆ.

ಅವರು ನನ್ನನ್ನು ಎತ್ತಿಕೊಂಡು ಡಾಕ್ಟರ ಕೋಣೆಗೆ ನಡೆದರು. "ಈ ಔಷಧಿ ಇನ್ನ ಸಾಕ್ರಿ ಸಾಹೇಬ್ರ. ಹುಡುಗಿ ತಕ್ಕಡಿ ಮುಟ್ಟವಲ್ಲಳ್ರಿ."