ಜಯಮ್ಮನವರ ಎಣ್ಣೆಗೆ ನಾನು ಹೊರಿಸಿದ ಅಪವಾದ

ಸವಿತಳ ಕೂದಲು ಸುಟ್ಟಿದ್ದು ಅವಳ ಅಮ್ಮ ಕಾಯಿಸುತ್ತಿದ್ದ ಕೊಬ್ಬರಿ ಎಣ್ಣೆಯಿಂದಲ್ಲ. ನನ್ನಿಂದ. ಇಷ್ಟು ಹೇಳಲು ನನಗೆ ಇಪ್ಪತ್ತೊಂದು ವರ್ಷ ಬೇಕಾಯಿತು — ಬರೆದ ಮೇಲೂ ಅಳಿಸಿಬಿಡೋಣವೇ ಅನ್ನಿಸುತ್ತಿದೆ.

ಆಗ ನನಗೆ ಹತ್ತೊಂಬತ್ತು. ದಂಡಿನಶಿವರದಿಂದ ದಿನಾ ಬಸ್ಸು ಹತ್ತಿ ತಿಪಟೂರಿಗೆ ಬ್ಯೂಟಿಷಿಯನ್ ಕೋರ್ಸಿಗೆ ಹೋಗುತ್ತಿದ್ದೆ. ಸೇರಿದ ಮೇಲೆ ಗೊತ್ತಾಯಿತು, ಇದು ಒಂದು ಕೆಲಸವಲ್ಲ, ಹತ್ತು ಕೆಲಸ! ಹುಬ್ಬು ತೀಡುವವರು ಬೇರೆ, ಮದುಮಗಳನ್ನು ಸಿಂಗರಿಸುವವರು ಬೇರೆ, ಕತ್ತರಿ ಹಿಡಿಯುವವರು, ಬಣ್ಣ ಹಾಕುವವರು, ಬರೀ ಉಗುರು ನೋಡಿಯೇ ಬದುಕುವವರು... ನಾನು ಯಾವುದು ಹಿಡಿಯಲಿ? ನನಗೋ ಎಲ್ಲದರ ಮೇಲೂ ಕಣ್ಣು. ಬಸ್ಸಿನಲ್ಲಿ ಮುಂದಿನ ಸೀಟಿನವರ ಜಡೆ ನೋಡುತ್ತಾ ಕೂರುತ್ತಿದ್ದೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳದು ಗುಂಗುರು, ಇನ್ನೊಬ್ಬಳದು ನೇರ, ಯಾಕೆ? ಬೆವರಿದರೆ ಕೆಲವರ ಕೂದಲು ಮಾತ್ರ ಉಬ್ಬುವುದು ಯಾಕೆ? ನಮ್ಮಜ್ಜಿ ನಗುತ್ತಿದ್ದಳು: "ಕಂಡೋರ್ ತಲೆದೇ ಚಿಂತೆ ಇವ್ಳಿಗೆ. ತನ್ ತಲೆ ಬಾಚ್ಕಳಕ್ಕೆ ಪುರುಸೊತ್ತಿಲ್ಲ."

ಸವಿತ ಪಕ್ಕದ ಮನೆಯವಳು, ನನ್ನ ಜೊತೆಯವಳು. ಅವಳ ಅಮ್ಮ ಜಯಮ್ಮ. ನಾನು ಅತ್ತೆ ಎನ್ನುತ್ತಿದ್ದೆ. ಅಟ್ಟದ ಮೇಲೆ ಒಣಗಿ ಇಳಿದ ಕೊಬ್ಬರಿಯಲ್ಲಿ ಒಡೆದದ್ದು, ಮಂಡಿಗೆ ಹೋಗದ್ದು ಆರಿಸಿ ಗಾಣ ಹಾಕಿಸಿ, ದಾಸವಾಳ, ಕರಿಬೇವು, ಗರುಗದ ಸೊಪ್ಪು ಸೇರಿಸಿ ಅತ್ತೆ ಎಣ್ಣೆ ಕಾಯಿಸುತ್ತಿದ್ದರು. ಹದ ನೋಡಲು ಬೆರಳಲ್ಲಿ ಒಂದು ಹನಿ ಉಜ್ಜಿ ಮೂಗಿಗೆ ಹಿಡಿದರೆ ಸಾಕು. ಮಾಯಸಂದ್ರದಿಂದಲೂ ಜನ ಬಾಟಲಿ ಹಿಡಿದು ಬರುತ್ತಿದ್ದರು. ಊರಲ್ಲಿ ಹೆಣ್ಣುಮಗುವಿಗೆ ಮೊದಲ ಸಲ ತಲೆಗೆ ಎಣ್ಣೆ ಒತ್ತುವುದಿದ್ದರೆ ಅದು ಜಯಮ್ಮನ ಎಣ್ಣೆಯೇ ಆಗಬೇಕಿತ್ತು.

ಕೋರ್ಸಿನಲ್ಲಿ ಗುಂಗುರು ಕೂದಲನ್ನು ನೇರ ಮಾಡುವ ಕ್ರೀಮ್ ತೋರಿಸಿದರು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬಿಡಬಾರದು ಎಂದು ಮೂರು ಸಲ ಹೇಳಿದ್ದರು. ನಾನೊಂದು ಡಬ್ಬಿ ಮನೆಗೆ ತಂದೆ. "ನನ್ ತಲೆ ಮೇಲೇ ಕಲಿ ಬಾರೆ," ಎಂದು ಸವಿತ ಗುಂಗುರು ಜಡೆ ಬಿಚ್ಚಿ ಕೂತಳು. ಸೀಗೆಕಾಯಿ ಹಾಕಿ ಎರಡು ಸಲ ತೊಳೆದರೂ ಕೂದಲು ಜಾರುತ್ತಿತ್ತು. ಹುಟ್ಟಿದಾಗಿನಿಂದ ಎಣ್ಣೆ ಕುಡಿದ ಕೂದಲು, ಇದಕ್ಕೆ ಇಪ್ಪತ್ತು ನಿಮಿಷ ಎಲ್ಲಿ ಸಾಲುತ್ತದೆ — ಹಾಗಂದುಕೊಂಡೆ. ಮರೆತೆ ಎಂದು ಹೇಳುವುದು ಸುಲಭ. ಮರೆತಿರಲಿಲ್ಲ. ಗಡಿಯಾರ ನನ್ನ ಎದುರಿಗೇ ಇತ್ತು. ಇನ್ನೂ ಸ್ವಲ್ಪ ಬಿಟ್ಟರೆ ಏನಾಗುತ್ತದೆ? ನೋಡೇಬಿಡೋಣ ಅನ್ನಿಸಿತು. ಸವಿತ ಉರಿ ಉರಿ ಎಂದಳು, "ಇರೇ, ಅದು ಹಂಗೇನೆ" ಎಂದೆ. ಒಂದು ಗಂಟೆ ಬಿಟ್ಟೆ.

ನೀರು ಹಾಕಿದಾಗ ಕೂದಲು ಹೆಚ್ಚು ಬೆಂದ ಶಾವಿಗೆಯಂತೆ ಕೈಗೆ ಬಂತು. ಹಿಡಿ ಹಿಡಿ. ನೆತ್ತಿಯ ಮೇಲೆ ಗುಳ್ಳೆ. ಅವಳು ಕಿರುಚಿದ್ದಕ್ಕೆ ಅತ್ತೆ ಹಿತ್ತಲಿಂದ ಓಡಿ ಬಂದರು. ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: "ನೀವು ಎಣ್ಣೆಗೆ ಏನೇನೋ ಹಾಕ್ತೀರಲ್ಲ ಅತ್ತೆ, ಅದು ಕ್ರೀಮಿಗೆ ಆಗ್ಬರಲಿಲ್ಲ. ನಿಮ್ ಎಣ್ಣೆನೇ ಕೂದ್ಲು ಸುಟ್ಟಿದ್ದು."

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ನಿಜ ಹೊರಗೆ ಬರುತ್ತಿತ್ತೋ ಏನೋ... ಅವರು ನಂಬಿದರು. ತಿಪಟೂರಿನಲ್ಲಿ ಕಲಿಯುವ ಹುಡುಗಿ ಹೇಳಿದ್ದು! ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ನನ್ ಕೈಯಾರೆ ಮಾಡ್ಬುಟ್ನಲ್ಲೇ ಮಗ, ತಪ್ಪಾಯ್ತು ಕಣೇ," ಎಂದು ಅತ್ತರು. ನಾನು ಕ್ರೀಮಿನ ಡಬ್ಬಿ ಮುಚ್ಚುತ್ತಾ ನಿಂತಿದ್ದೆ.

ಆ ವಾರವೇ ಇದ್ದ ಎಣ್ಣೆಯನ್ನೆಲ್ಲ ತೆಂಗಿನ ಬುಡಕ್ಕೆ ಸುರಿದರು. ಬಾಟಲಿ ಹಿಡಿದು ಬಂದವರಿಗೆ ತಾವಾಗಿಯೇ ಹೇಳಿದರು — "ನನ್ ಮಗಳ ತಲೆನೇ ತಿಂತು, ನಿಮ್ ಮಕ್ಕಳಿಗೆ ಬ್ಯಾಡ ಬುಡಿ." ಸವಿತಳ ಕೂದಲು ಎರಡು ವರ್ಷದಲ್ಲಿ ಮತ್ತೆ ಬೆಳೆಯಿತು, ಮದುವೆಯಾಗಿ ಶೆಟ್ಟಿಕೆರೆಗೆ ಹೋದಳು. ನಾನು ತುರುವೇಕೆರೆಯಲ್ಲಿ ಪಾರ್ಲರ್ ಇಟ್ಟೆ. ಕೂದಲಿನ ಕೆಲಸದಲ್ಲಿ ನನ್ನ ಕೈ ಒಳ್ಳೆಯದು ಅನ್ನುತ್ತಾರೆ. ಅತ್ತೆ ಮತ್ತೆ ಎಣ್ಣೆ ಕಾಯಿಸಲಿಲ್ಲ.

ಹೋದ ತಿಂಗಳು ಸವಿತಳ ಮಗಳು ಅನುಷಾ ಬಂದಿದ್ದಳು. ಪಿಯುಸಿ ಮುಗಿದಿದೆ, ಯಾವ ಲೈನ್ ಹಿಡಿಯಲಿ ಎಂದು ಕೇಳಲು. ಸ್ಟೂಲಿನ ಮೇಲೆ ಕೂತು ಪ್ರಶ್ನೆಯ ಮೇಲೆ ಪ್ರಶ್ನೆ — ನನ್ನದೇ ಹುಚ್ಚು. ನಾನು ಖುಷಿಯಲ್ಲಿ ಮೇಕಪ್ಪು, ಹೇರ್ ಕಲರ್ರು ಎಂದು ಹೇಳುತ್ತಾ ಹೋದೆ. ಅವಳು ತಲೆ ಆಡಿಸಿದಳು.

"ಆಂಟಿ, ಎಣ್ಣೆ ಮಾಡೋದೂ ಇದೇ ಲೈನ್ ತಾನೇ? ನಂಗೆ ಅದೇ ಇಷ್ಟ. ಆದ್ರೆ ಅಜ್ಜಿ ಹೇಳ್ಕೊಡಲ್ಲ ಅಂತಾರೆ. ಅವರ ಎಣ್ಣೆ ಅಮ್ಮನ ತಲೆ ಸುಟ್ಟಿತ್ತಂತೆ. ನೀವು ಅಲ್ಲೇ ಇದ್ರಂತಲ್ಲ, ಹೌದಾ?"

ಆ ವಿದ್ಯೆ ಇರುವುದು ಅತ್ತೆಯ ಬೆರಳಲ್ಲಿ ಮಾತ್ರ, ಅವರಿಗೀಗ ಎಪ್ಪತ್ತು ದಾಟಿದೆ. ನಾನು ಹೀಗೇ ಸುಮ್ಮನಿದ್ದರೆ ಅದು ಅವರ ಜೊತೆಗೇ ಹೋಗುತ್ತದೆ. "ನಾಳೆ ಹೇಳ್ತೀನಿ" ಎಂದೆ.

ಮಾರನೆಯ ದಿನ ಅಂಗಡಿ ಮುಚ್ಚಿ ದಂಡಿನಶಿವರಕ್ಕೆ ಹೋದೆ. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಕ್ರೀಮು, ಗಡಿಯಾರ, ನನ್ನ ಸುಳ್ಳು. ಅವರ ಕೈ ನಿಲ್ಲಲಿಲ್ಲ. ಸುಲಿಯುತ್ತಲೇ ಒಂದೇ ಪ್ರಶ್ನೆ ಕೇಳಿದರು.

"ಎಷ್ಟೊತ್ತು ಬಿಟ್ಟಿದ್ದೆ?"

"ಒಂದು ಗಂಟೆ."

"ಒಂದ್ ಗಂಟೆ," ಎಂದರು. ಆಮೇಲೆ ತಲೆಯ ಮೇಲಿನ ಸೆರಗು ಸರಿಸಿದರು. ಬಿಳಿ ಕೂದಲು ಒಣಗಿ ನಾರಾಗಿತ್ತು. "ಅವತ್ತಿಂದ ನನ್ ತಲೆಗೂ ಒಂದ್ ತೊಟ್ಟು ಹಾಕ್ಕಂಡಿಲ್ಲ ಕಣೇ. ಮಗಳಿಗೆ ಉರ್ದಿದ್ದು ನಂಗೂ ಇರ್ಲಿ ಅಂತ."

ಹಬ್ಬಕ್ಕೆ, ಮದುವೆಗೆ ಎಷ್ಟು ಸಲ ಅವರ ಎದುರು ಕೂತಿದ್ದೇನೆ. ಊರವರ ತಲೆಯನ್ನೆಲ್ಲ ನೋಡುವ ನಾನು ಅವರ ಸೆರಗಿನ ಕೆಳಗೆ ಏನಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಕಾಲಿಗೆ ಬೀಳಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಅನುಷನ್ನ ಕಳ್ಸು. ಹೇಳ್ಕೊಡ್ತೀನಿ," ಎಂದರು. "ನೀನು ಬರ್ಬ್ಯಾಡ."