ಹೋಳಿಗೆ ತಿಂದ ಕೌದಿ

ಗಜೇಂದ್ರಗಡದ ಕಲಾ ಪ್ರದರ್ಶನದಲ್ಲಿ ಜನ ಚಿತ್ರ ಬಿಟ್ಟು ಇರುವೆ ನೋಡಿದ್ದರು, ಅದೂ ನನ್ನ ಮಾತು ಕೇಳಿ. ನಂಬಬೇಡಿ, ನೋಡೋಣ. ಓಣಿಯ ಯಾರ ದನಿ ಬೇಕಾದರೂ ತೆಗೆದು ಊರನ್ನೇ ನಂಬಿಸಿದವನು ನಾನು.

ಇವತ್ತು ಬೆಳಿಗ್ಗೆ ತಾಟಿನಲ್ಲಿ ಉಳಿದ ಅರ್ಧ ಹೋಳಿಗೆಗೆ ಕೆಂಪಿರುವೆ ಮುತ್ತಿದ್ದವು. ಬಾಜೂ ಮನೆಯ ವೈನಿ, ಓಣಿಗೆಲ್ಲ ಅತ್ತಿಗೆ, ನೆನಪಾದಳು...

ವೈನಿ ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುವವಳು. ಅವಳ ತಂಗಿಯನ್ನು ಹೊಳೆಮಣ್ಣೂರಿಗೆ ಕೊಟ್ಟಿದ್ದರು. ಒಂದು ಸಲ ಮಲಪ್ರಭೆ ಆ ಮನೆಯೊಳಗೇ ನುಗ್ಗಿ ಗೋಡೆ ಕೆಡವಿತು. ಕೆಸರಾದ ಸೀರೆಗಳನ್ನು ತೊಳೆದು ಕೊಡುತ್ತೇನೆಂದು ವೈನಿ ಗಂಟು ಕಟ್ಟಿ ತಂದಳು. ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ. ಅದನ್ನು ಹೇಳಲು ಬಾಯಿ ಬಾರದೆ ಗಂಟನ್ನು ಹಾಗೇ ಇಟ್ಟುಕೊಂಡಳು. ಸೀರೆ ಎಸೆದೇಬಿಟ್ಟಳೆಂದು ತಿಳಿದು, "ನನ್ನ ಸಂಸಾರಾನ ತಿಪ್ಪಿಗೆ ಒಗದಿ" ಎಂದು ತಂಗಿ ಬರುವುದನ್ನೂ ಬಿಟ್ಟಳು, ಮಾತನ್ನೂ ಬಿಟ್ಟಳು.

ಆಗ ನಮ್ಮೂರ ಕಲಾಕೇಂದ್ರದವರು ಪ್ರದರ್ಶನ ಇಟ್ಟರು. ಬಣ್ಣವೊಂದೇ ಅಲ್ಲ, ಬಟ್ಟೆ, ಮಣ್ಣು, ಕಬ್ಬಿಣ, ಏನನ್ನಾದರೂ ಒಂದೇ ಚಿತ್ರಕ್ಕೆ ಸೇರಿಸಬಹುದು ಎಂದರು. ವೈನಿ ಗಂಟು ಬಿಚ್ಚಿದಳು. ತಂಗಿಯ ಸೀರೆಗಳನ್ನೇ ದೊಡ್ಡ ಕೌದಿಯಾಗಿ ಹೊಲಿದು, ಅದರ ಮೇಲೆ ಹೊಳೆಯ ಮಣ್ಣಿನಿಂದ ಮನೆ ಬರೆದಳು. ನಡುವೆ, ತಂಗಿಯ ಬಿದ್ದ ಮನೆಯ ಬಾಗಿಲ ಸರಪಳಿಯನ್ನು ಚಿಲಕದ ಸಮೇತ ಹೊಲಿದಳು. ತಂಗಿಗೆ ಹೇಳಿಕಳಿಸಿದಾಗ, ಕಡೆಯ ದಿನ ಬರುತ್ತೇನೆಂದು ಉತ್ತರ ಬಂತು.

ವೈನಿಯ ಮನೆತನದಲ್ಲಿ ಕೌದಿಯನ್ನು ಹಸಿವಿನಲ್ಲಿಡುವ ಪದ್ಧತಿ ಇಲ್ಲ. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಈ ಸಲ ವೈನಿ ಹೋಳಿಗೆ ಇಟ್ಟಳು.

"ಮಂದ್ಯಾಗ ಹೊಂಟೈತಿ. ಒಣ ರೊಟ್ಟಿ ಕೊಟ್ಟು ಹ್ಯಾಂಗ ಕಳಸ್ಲಿ?"

ಮರುದಿನವೇ ಇರುವೆ ಬಂದವು. ಕಿಟಕಿಯಿಂದ ಹಗ್ಗ, ಹಗ್ಗಕ್ಕೆ ತೂಗುಹಾಕಿದ್ದ ಕೌದಿ, ಅಲ್ಲಿಂದ ಪಕ್ಕದ ಚಿತ್ರ... ಕೇಂದ್ರ ನೋಡಿಕೊಳ್ಳುವ ಸರ್ ಏಣಿ ತರಿಸಿದರು.

"ಇಳಸ್ತೀವ್ರಿ ಅಮ್ಮಾರ. ಬಾಜೂ ಚಿತ್ರದವ್ರು ಜಗಳಕ್ಕ ಬಂದಾರ."

"ಕಡೀ ದಿನದ ತನಕ ಇರಲ್ರಿ. ನನ್ನ ತಂಗಿ ಬಂದು ನೋಡ್ಲಿ. ಆಮ್ಯಾಲೆ ಸುಟ್ಟರೂ ಸುಡ್ರಿ," ಎಂದಳು ವೈನಿ.

ನಾನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. "ಸರ, ಹೊಳಿ ಏರಿದಾಗ ಇರಿವಿ ಗೂಡು ಬಿಟ್ಟು ಹೊಂಡೂದು ನೋಡೀರಿಲ್ಲೋ? ಅದ ಚಿತ್ರ ಇದು. ಖರೇ ಇರಿವಿಗೆ ಕಲಿಸಿ ತಂದವ್ರು ಈ ಸೀಮ್ಯಾಗ ಯಾರರೆ ಅದಾರೇನು?"

"ಸಾಕ ಮಾಡೋ ಮೈದುನ," ಎಂದು ವೈನಿ ಗದರಿದಳು. ಸರ್ ನಕ್ಕರು. ಪಕ್ಕದ ಚಿತ್ರ ಆಚೆ ಗೋಡೆಗೆ ಹೋಯಿತು, ಕೌದಿ ಉಳಿಯಿತು. ನಾನು ಚಹಾದಂಗಡಿಯಲ್ಲಿ ಕುಳಿತು ಸುದ್ದಿ ಹಬ್ಬಿಸಿದೆ. ಸೂಡಿಯಿಂದ, ರೋಣದಿಂದ ಮಂದಿ ಬಂದರು. ನರಗುಂದದವನೊಬ್ಬ ಇರುವೆ ಪಳಗಿಸುವುದು ಹೇಗೆಂದು ನನ್ನನ್ನೇ ಕೇಳಿದ. ಮನೆತನದ ವಿದ್ಯೆ, ಹೇಳಲಾಗುವುದಿಲ್ಲ ಎಂದೆ.

ಕಡೆಯ ದಿನ ತಂಗಿ ಬಂದಳು. ಇರುವೆಗಳನ್ನು ನೋಡಲೇ ಇಲ್ಲ. ತನ್ನ ಸೀರೆಯ ಸೆರಗು ಗುರುತು ಹಿಡಿದು, ಕಲೆಯ ಮೇಲೆ ಬೆರಳಾಡಿಸಿದಳು.

"ಹೋಗೇ ಇಲ್ಲಲ್ಲ ಇದು..."

ಆಮೇಲೆ ಸರಪಳಿ ಹಿಡಿದು ಚಿಲಕಕ್ಕೆ ಬಡಿದಳು, ಮನೆಯ ಬಾಗಿಲು ಬಡಿದ ಹಾಗೆ.

"ಬಾರವ್ವಾ, ಒಳಗ ಬಾ," ಎಂದಳು ವೈನಿ.

ಅಂದು ಮಧ್ಯಾಹ್ನ ಅಕ್ಕ ತಂಗಿ ಒಂದೇ ತಾಟಿನಲ್ಲಿ ಉಂಡರು.

ವೈನಿ ಹೋಗಿ ವರ್ಷಗಳಾದವು. ಕೌದಿ ಈಗ ತಂಗಿಯ ಹೊಸ ಮನೆಯ ಗೋಡೆಯ ಮೇಲಿದೆ. ನನ್ನ ಬಡಾಯಿಗೆ ಸಾಕು ಮಾಡು ಎನ್ನುವವರು ಓಣಿಯಲ್ಲಿ ಯಾರೂ ಉಳಿದಿಲ್ಲ.

ಇಷ್ಟರಲ್ಲಿ ಒಂದು ಮಾತು ನಾನು ಕಟ್ಟಿದ್ದು. ಇರುವೆ ಅಲ್ಲ, ನರಗುಂದದವನೂ ಅಲ್ಲ. ಒಳಗೆ ಬಾ ಎಂದದ್ದು ವೈನಿಯಲ್ಲ. ಅವಳು ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟಿದ್ದಳು. ಕೌದಿಯ ಹಿಂದೆ ಅಡಗಿ, ಅವಳ ದನಿ ತೆಗೆದು ಕರೆದವನು ನಾನು. ತಂಗಿಗೆ ಗೊತ್ತಾಯಿತು. ಗೊತ್ತಾಗಿಯೂ ಅಕ್ಕನ ಕೈ ಹಿಡಿದಳು.

ಇವತ್ತು ಬೆಳಿಗ್ಗೆ ತಾಟಿನ ಮುಂದೆ ಕುಳಿತು ವೈನಿಯ ಆ ದನಿ ಮತ್ತೆ ತೆಗೆಯಲು ನೋಡಿದೆ... ಬರಲಿಲ್ಲ.