ಅಮ್ಮ ಒರೆಸಿದ ರಾಣಿಯ ಮುಖ

ನೆದರ್ಲೆಂಡ್ಸಿನ ಆಮ್ಸ್ಟೆಲ್‌ವೀನ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಡಚ್ ವೃದ್ಧೆ ಒಂಟಿಯಾಗಿದ್ದಾರೆ. ಕಳೆದ ಬೇಸಿಗೆಯಲ್ಲಿ ಮೈಸೂರಿನಿಂದ ಬಂದ ಅಮ್ಮನಿಗೂ ಅವರಿಗೂ ಹೇಗೋ ಸ್ನೇಹವಾಯಿತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅಮ್ಮ ಹೆಣಿಗೆ ಹಿಡಿದು ಇಳಿದು ಹೋಗುತ್ತಿದ್ದಳು, ಅವರು ಕಾಫಿ ಕೊಡುತ್ತಿದ್ದರು. ಮಾತು ಬೇಕೇ ಬೇಕೆನಿಸಿದಾಗ ನನ್ನನ್ನು ಕರೆಯುತ್ತಿದ್ದರು.

ಒಂದು ಮಧ್ಯಾಹ್ನ ಆಕೆ ಬೀರುವಿನಿಂದ ಪುಟ್ಟದೊಂದು ಚಿತ್ರ ತೆಗೆದು ಮೇಜಿನ ಮೇಲಿಟ್ಟರು. ಬಿಸ್ಕತ್ತಿಗಿಂತ ಚಿಕ್ಕದು. ಹದಿನಾರನೇ ಶತಮಾನದ ಒಬ್ಬ ರಾಣಿ. ಕತ್ತಿನ ಸುತ್ತ ನೆರಿಗೆ ನೆರಿಗೆಯಾದ ಬಿಳಿ ಕಾಲರು, ಒಂದೊಂದು ಮುತ್ತಿನ ಮೇಲೂ ಚುಕ್ಕಿಯಷ್ಟು ಬೆಳಕು. ಏನೋ ಹೇಳಹೊರಟು ತಡೆದುಕೊಂಡಂಥ ತುಟಿ. ತಾಯಿಯಿಂದ ನನಗೆ ಬಂದದ್ದು, ಮೇಲಿನ ಗಾಜು ಬಿರುಕು ಬಿಟ್ಟಿದ್ದರಿಂದ ತೆಗೆಸಿದ್ದೇನೆ, ಹೊಸದು ಹಾಕಿಸಬೇಕು ಎಂದರು. ಅದನ್ನು ಅಮ್ಮನಿಗೆ ಹೇಳಿ, ಕಾಫಿ ತರಲು ನಾನೂ ಅವರೊಂದಿಗೆ ಅಡುಗೆಮನೆಗೆ ಹೋದೆ.

ಹಿಂದಿರುಗಿದಾಗ ಅಮ್ಮನ ಕೈಯಲ್ಲಿ ಒದ್ದೆ ಕರ್ಚೀಫು, ಅದರ ಮೇಲೆ ನಸುಗುಲಾಬಿ ಕಲೆ. ಕಾಲರು, ಮುತ್ತು ಹಾಗೇ ಇದ್ದವು. ಮುಖವಿದ್ದ ಕಡೆ ಬರಿಯ ಹಳದಿ.

"ಕೆನ್ನೆ ಮೇಲೆ ಧೂಳು ಕೂತಿತ್ತು ಕಣೆ. ಮೆತ್ತಗೇ ಒರೆಸ್ದೆ," ಎಂದಳು. ದೇವರ ಪಟ ಒರೆಸುವಷ್ಟೇ ಭಕ್ತಿಯಿಂದ ಒರೆಸಿದ್ದಳು.

ಆಕೆ ಚಿತ್ರವನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ನೊಂದುಕೊಳ್ಳಬೇಡಿ ಎಂದು ಅಮ್ಮನಿಗೆ ಹೇಳಲು ನನಗೆ ಹೇಳಿದರು. ತಮ್ಮ ತಾಯಿ ಕೊನೆಗಾಲದಲ್ಲಿ ದಿನವೂ ಈ ಮುಖವನ್ನೇ ನೋಡುತ್ತ ಮಲಗಿರುತ್ತಿದ್ದಳು ಎಂದೂ ಸೇರಿಸಿದರು. ಮೊದಲನೆಯದನ್ನಷ್ಟೇ ಅಮ್ಮನಿಗೆ ಹೇಳಿದೆ.

"ಇನ್ನೂ ಏನೋ ಅಂದ್ರಲ್ಲ?" ಎಂದು ಅಮ್ಮ ಕೇಳಿದಳು. ಅದನ್ನೂ ಹೇಳಬೇಕಾಯಿತು.

ಆ ವಾರವೇ ಹಳೆಯ ಚಿತ್ರ ಸರಿಪಡಿಸುವವರೊಬ್ಬರಿಗೆ ತೋರಿಸಿದೆವು. ಕರುವಿನ ಚರ್ಮದ ಮೇಲೆ ನೀರಿನ ಬಣ್ಣದಲ್ಲಿ ಬರೆದದ್ದು, ಹೋದ ಬಣ್ಣ ಮತ್ತೆ ಬರುವುದಿಲ್ಲ ಎಂದರು. ಬೇಕಿದ್ದರೆ ಹೊಸ ಮುಖ ಬರೆಯಬಹುದಂತೆ. ಆಕೆ ತಲೆಯಲ್ಲಾಡಿಸಿ ಬೇಡವೆಂದರು.

ಅಮ್ಮ ಕೆಳಗೆ ಹೋಗುವುದನ್ನು ಬಿಟ್ಟಳು. ಊಟ ಸೇರದಾಯಿತು. ಕೊನೆಗೆ ಆಕೆಯೇ ಕೋಲೂರಿಕೊಂಡು ಮೇಲೆ ಬಂದು, ಸೋಫಾದಲ್ಲಿ ಅಮ್ಮನ ಪಕ್ಕ ಕುಳಿತು ಕೈ ಹಿಡಿದುಕೊಂಡರು. ಅಮ್ಮ ಅಳತೊಡಗಿದಳು.

"ನಾನು ಬೇಕಂತ ಮಾಡಿದ್ದಲ್ಲ. ಅವ್ರ ತಾಯಿ ಮುಖಾನೇ ಅಳಿಸ್ದಂಗಾಯ್ತು ನಂಗೆ. ಹೆಂಗಾದ್ರೂ ಹೇಳು ಅವ್ರಿಗೆ."

ಪುರಸಭೆಯ ಕಚೇರಿಗೆ, ಅಂಗಡಿಗೆ ಸಾಕಾಗುವಷ್ಟು ಡಚ್ ಮಾತ್ರ ನನಗೆ ಬರುತ್ತದೆ. ಆ ಹೊತ್ತಿಗೆ ನಾಲಿಗೆಗೆ ಬಂದದ್ದು ಟ್ರ್ಯಾಮಿನಲ್ಲಿ ಯಾರದೋ ಕಾಲು ತುಳಿದಾಗ ಹೇಳುವ ಮಾತೊಂದೇ. ಅದನ್ನೇ ಹೇಳಿದೆ.